ಕ್ಲಾಸಲ್ಲಿ ಕುಣಿಸಿದರೆ ಪೋರ್ಷನ್ ಮುಗಿಯುತ್ತಾ?

ಕಳೆದ ಸಂಚಿಕೆಯಲ್ಲಿ "ಪಾಠದ ನಡುವೆ ಮಕ್ಕಳನ್ನು ಒಂದಿಷ್ಟು ಎಬ್ಬಿಸಿ, ಕೈಕಾಲು ಆಡಿಸಿ" ಅಂತ ಎರಡು ಸಾಲು ಬರೆದಿದ್ದೆ. ಅದಕ್ಕೆ ಬಂದಿರುವ ಪತ್ರ, ವಾಟ್ಸಾಪ್ ಮೆಸೇಜು ನೋಡಿದರೆ ಈ ಸಲದ ಇಡೀ ಅಂಕಣ ಇದಕ್ಕೇ ಬೇಕು. ಕೆಲವರು ಹೊಗಳಿದ್ದಾರೆ. ಜಾಸ್ತಿ ಜನ ಜಗಳಕ್ಕೇ ಬಂದಿದ್ದಾರೆ. ಜಗಳದ ಪತ್ರದಿಂದಲೇ ಶುರು ಮಾಡ್ತೀನಿ. ಹೆಸರು ಹಾಕಬೇಡಿ ಅಂದವರೇ ಹೆಚ್ಚು, ಹಾಗಾಗಿ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಮಗಳು 6ನೇ ಕ್ಲಾಸು, ಪ್ರೈವೇಟ್ ಸ್ಕೂಲು. ಈ ವರ್ಷದಿಂದ ದಿನಕ್ಕೆ ಎರಡು ಸಲ, ಹತ್ತತ್ತು ನಿಮಿಷ, ಕ್ಲಾಸಿನೊಳಗೇ 'ಆ್ಯಕ್ಟಿವ್ ಬ್ರೇಕ್' ಅಂತ ಮಾಡಿಸುತ್ತಿದ್ದಾರೆ. ನಾವು ಫೀಸು ಕಟ್ಟೋದು ಪಾಠಕ್ಕೆ, ಕುಣಿಸೋಕಲ್ಲ. ವರ್ಷಕ್ಕೆ ಎಷ್ಟು ಪೀರಿಯಡ್ ಹೋಯ್ತು ನೀವೇ ಲೆಕ್ಕ ಹಾಕಿ. ಕೇಳಿದರೆ 'ಇದರಿಂದ ಮಾರ್ಕ್ಸ್ ಜಾಸ್ತಿ ಆಗುತ್ತೆ' ಅಂತಾರೆ ಪ್ರಿನ್ಸಿಪಾಲ್. ಪುರಾವೆ ಏನಾದರೂ ಇದೆಯಾ ಮೇಡಂ?
— ಒಬ್ಬ ತಂದೆ, ಬೆಂಗಳೂರು

ಉತ್ತರ: ಲೆಕ್ಕ ಹಾಕಿದೆ. ವರ್ಷಕ್ಕೆ 220 ದಿನ ಶಾಲೆ ಅಂತಿಟ್ಟುಕೊಂಡರೆ 4,400 ನಿಮಿಷ. 40 ನಿಮಿಷದ ಪೀರಿಯಡ್ ಆದರೆ 110 ಪೀರಿಯಡ್. ಕೇಳಿದರೆ ಎದೆ ಧಸಕ್ ಅನ್ನುತ್ತೆ, ನಿಜ.

ಆದರೆ ಈ ಲೆಕ್ಕದಲ್ಲಿ ಉಳಿದ ನಿಮಿಷವೆಲ್ಲ ಮಗಳು ಪಾಠ ಕೇಳುತ್ತಿದ್ದಾಳೆ ಅಂತ ನೀವು ನಂಬಿಕೊಂಡಿದ್ದೀರಿ. ಅಲ್ಲೇ ತಪ್ಪಿದ್ದು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಇದನ್ನೇ ಅಳೆದು ನೋಡಿದರು, ವರದಿ ಬಂದದ್ದು 2006ರಲ್ಲಿ. ದಿನಕ್ಕೆ ಸುಮಾರು 10 ನಿಮಿಷ ಕ್ಲಾಸಿನಲ್ಲೇ ಚಟುವಟಿಕೆ ಮಾಡಿಸಿ, ಅದಕ್ಕೆ ಮುಂಚೆ ಮತ್ತು ಆದ ಮೇಲೆ ಮಕ್ಕಳು ಎಷ್ಟು ಹೊತ್ತು ಪಾಠದ ಕಡೆ ಗಮನ ಕೊಟ್ಟಿರುತ್ತಾರೆ ಅಂತ ಪಕ್ಕದಲ್ಲಿ ಕೂತು ಗುರುತು ಹಾಕಿಕೊಂಡರು. ಗಮನ ಸರಾಸರಿ ಶೇ 8ರಷ್ಟು ಏರಿತ್ತು. ಎಲ್ಲರಿಗಿಂತ ಕಡಿಮೆ ಗಮನ ಕೊಡುತ್ತಿದ್ದ ಮಕ್ಕಳಲ್ಲಿ ಶೇ 20ರಷ್ಟು. ಅಂದರೆ ಕಿಟಕಿಯಾಚೆ ನೋಡುತ್ತಾ ಕೂರುವ ಮಕ್ಕಳಿಗೇ ಲಾಭ ಹೆಚ್ಚು.

ಮಾರ್ಕ್ಸಿನ ವಿಷಯಕ್ಕೆ ಬರೋಣ. ನೆದರ್‌ಲ್ಯಾಂಡ್ಸ್‌ನ ಉತ್ತರ ಭಾಗದ 12 ಶಾಲೆಗಳಲ್ಲಿ ಎರಡು ವರ್ಷ ಒಂದು ಪ್ರಯೋಗ ನಡೆಯಿತು. ಗಣಿತ, ಭಾಷೆಯ ಪಾಠವನ್ನೇ ಮೈ ಆಡಿಸುತ್ತಾ ಮಾಡೋದು, ವಾರಕ್ಕೆ ಮೂರು ಸಲ. ಎರಡು ನಾಲ್ಕಲೆ ಎಷ್ಟು ಅಂದರೆ ಬಾಯಲ್ಲಿ ಹೇಳೋದಲ್ಲ, ಎಂಟು ಸಲ ಜಿಗಿಯೋದು. 2016ರಲ್ಲಿ ಫಲಿತಾಂಶ ಬಂತು. ಗಣಿತದಲ್ಲೂ ಸ್ಪೆಲಿಂಗ್‌ನಲ್ಲೂ ಈ ಮಕ್ಕಳು ಉಳಿದವರಿಗಿಂತ ಸುಮಾರು ನಾಲ್ಕು ತಿಂಗಳ ಕಲಿಕೆಯಷ್ಟು ಮುಂದಿದ್ದರು. ಓದುವುದರಲ್ಲಿ ಮಾತ್ರ ಏನೂ ವ್ಯತ್ಯಾಸ ಕಾಣಲಿಲ್ಲ.

ಪ್ರಿನ್ಸಿಪಾಲ್ ಇಷ್ಟು ಹೇಳಿ ನಿಲ್ಲಿಸುತ್ತಾರೆ. ನಾನು ಇನ್ನೊಂದನ್ನೂ ಹೇಳಬೇಕು. ಅಮೆರಿಕದ ಕ್ಯಾನ್ಸಸ್‌ನಲ್ಲಿ ಇದೇ ಥರದ ಪಾಠವನ್ನು ಮೂರು ವರ್ಷ ಮಾಡಿ ನೋಡಿ, 2017ರಲ್ಲಿ ವರದಿ ಕೊಟ್ಟರು. ಅಂಕ ಏರಲೂ ಇಲ್ಲ, ಇಳಿಯಲೂ ಇಲ್ಲ. ಇದಕ್ಕೆ ಮೊದಲು ಅದೇ ತಂಡದ ಪ್ರಯೋಗದಲ್ಲಿ ಅಂಕ ಏರಿತ್ತು, ಎರಡನೇ ಸಲ ಏರಲಿಲ್ಲ. ಹಾಗಾಗಿ 'ಕುಣಿದರೆ ಮಾರ್ಕ್ಸ್ ಗ್ಯಾರಂಟಿ' ಅಂತ ಯಾರಾದರೂ ಬ್ರೋಷರ್‌ನಲ್ಲಿ ಹಾಕಿದರೆ ಅದು ವ್ಯಾಪಾರದ ಮಾತು. ಆದರೆ 'ಇಳಿಯಲೂ ಇಲ್ಲ' ಅನ್ನೋದನ್ನು ನೀವೂ ಗಮನಿಸಿ ಸರ್. ನಿಮ್ಮ 110 ಪೀರಿಯಡ್ ಹೋದರೆ ಮಾರ್ಕ್ಸ್ ಬೀಳಬೇಕಿತ್ತಲ್ಲ? ಅಲ್ಲಿ ಬೀಳಲಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಪ್ರಿನ್ಸಿಪಾಲರಿಗೆ ಬೇರೆ ಪ್ರಶ್ನೆ ಕೇಳುತ್ತಿದ್ದೆ: ಆ ಹತ್ತು ನಿಮಿಷದಲ್ಲಿ ಏನು ಮಾಡಿಸುತ್ತೀರಿ? ಸ್ಮಾರ್ಟ್ ಬೋರ್ಡಿನಲ್ಲಿ ಯೂಟ್ಯೂಬ್ ಡ್ಯಾನ್ಸ್ ಹಾಕಿ ಟೀಚರ್ ನೋಟ್ಸ್ ತಿದ್ದುತ್ತಾ ಕೂತರೆ ಮಕ್ಕಳ ಮೈ ಸಡಿಲ ಆಗುತ್ತೆ, ಅಷ್ಟೇ. ಮಗ್ಗಿ, ಕಾಗುಣಿತ, ನಕಾಶೆಯನ್ನೇ ಎದ್ದು ನಿಂತು ಮಾಡಿಸಿದರೆ ಪೋರ್ಷನ್ ಪೋರ್ಷನ್ನಾಗಿಯೇ ನಡೆಯುತ್ತೆ, ಒಂದು ನಿಮಿಷವೂ ಹಾಳಾಗಲ್ಲ.

ಪ್ರಶ್ನೆ: ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 5ನೇ ತರಗತಿಗೆ ಗಣಿತ ತಗೊಳ್ತೀನಿ. ಬಿಸಿಯೂಟ ಆದ ಮೇಲಿನ ಮೊದಲ ಪೀರಿಯಡ್ ನಂದೇ. ಅರ್ಧ ಕ್ಲಾಸು ತೂಕಡಿಸುತ್ತೆ. 42 ಮಕ್ಕಳು, ಬೆಂಚುಗಳ ನಡುವೆ ನಾನೇ ಅಡ್ಡ ತಿರುಗಿಕೊಂಡು ಹೋಗಬೇಕು. ಈ ಜಾಗದಲ್ಲಿ ಏನು ಮಾಡಿಸಲಿ ಮೇಡಂ?
— ಶಿಕ್ಷಕಿ, ತುಮಕೂರು ಜಿಲ್ಲೆ

ಉತ್ತರ: ಊಟದ ಮೇಲಿನ ಮೊದಲ ಪೀರಿಯಡ್ ಯಾರಿಗೂ ಬೇಡ ಅಲ್ವಾ! ಟೈಮ್ ಟೇಬಲ್ ಹಾಕುವಾಗ ಹೊಸದಾಗಿ ಬಂದವರ ತಲೆಗೇ ಅದನ್ನು ಕಟ್ಟುತ್ತಾರೆ.

ಕೆರೆ-ದಡ ಗೊತ್ತಲ್ಲ? ನೆಲದ ಮೇಲೆ ಗೆರೆ ಎಳೆದು 'ಕೆರೆ' ಅಂದರೆ ಒಳಗೆ, 'ದಡ' ಅಂದರೆ ಹೊರಗೆ ಜಿಗಿಯೋದು. ಅದಕ್ಕೆ ಅಂಗಳ ಬೇಕು. ನಿಮಗೆ ಬೆಂಚು ಮಾತ್ರ ಇರೋದರಿಂದ, ಕೂತರೆ ಕೆರೆ, ಎದ್ದರೆ ದಡ ಅಂತ ಮಾಡಿಕೊಳ್ಳಿ. ಒಂದಿಂಚೂ ಜಾಸ್ತಿ ಜಾಗ ಬೇಡ. ಸಮ ಸಂಖ್ಯೆ ದಡ, ಬೆಸ ಸಂಖ್ಯೆ ಕೆರೆ. 24 ಅಂದರೆ ಎಲ್ಲ ಎದ್ದರು. 37 ಅಂದರೆ ಕೂತರು. 58, 60, 71, ಬರಬರುತ್ತಾ ಜೋರು ಮಾಡಿ. ನಾನು ಪಾಠ ಮಾಡುತ್ತಿದ್ದಾಗ ಇದನ್ನು ಆಡಿಸುತ್ತಾ ಒಂದು ಸಲ 'ಸೊನ್ನೆ' ಅಂದುಬಿಟ್ಟೆ. ಅರ್ಧ ಕ್ಲಾಸು ಎದ್ದಿತು, ಅರ್ಧ ಕೂತಿತು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ಬಗ್ಗಿದ ಮಂಡಿಯಲ್ಲೇ, ಅತ್ತ ಕೂರದೆ ಇತ್ತ ನಿಲ್ಲದೆ, ಅಕ್ಕಪಕ್ಕದವರನ್ನು ನೋಡುತ್ತಾ ನಿಂತಿದ್ದ. ಸೊನ್ನೆ ಸಮವೋ ಬೆಸವೋ ಅಂತ ಗಲಾಟೆ ಎದ್ದಿತು. ಎರಡರಿಂದ ಭಾಗಿಸಿದರೆ ಶೇಷ ಉಳಿಯುತ್ತಾ ಅಂತ ಕೊನೆಗೆ ಅವನೇ ಬೋರ್ಡಿಗೆ ಬಂದು ಮಾಡಿ ತೋರಿಸಿ, "ಹಂಗಾದ್ರೆ ಎದ್ದೇಳ್ಬೇಕು" ಅಂದ. ಆ ದಿನ ಯಾರೂ ತೂಕಡಿಸಲಿಲ್ಲ.

ಸಮ-ಬೆಸ ಬೇಜಾರಾದರೆ 7ರ ಮಗ್ಗಿ ತಗೊಳ್ಳಿ. ಮಗ್ಗಿಯಲ್ಲಿ ಬರುವ ಸಂಖ್ಯೆಗೆ ಏಳೋದು, ಬರದಿದ್ದರೆ ಕೂರೋದು. 56, 54, 63, 64. ನಡುವೆ 91 ಅಂತ ಸೇರಿಸಿ ನೋಡಿ. ಏಳು ಹತ್ತಲೆ ಎಪ್ಪತ್ತಕ್ಕೇ ನಿಂತವರು ಕೂರುತ್ತಾರೆ, ಮುಂದಕ್ಕೆ ಲೆಕ್ಕ ಮಾಡಿದವರು ಏಳುತ್ತಾರೆ. ಯಾರಿಗೆ ಏನು ಬಂದಿಲ್ಲ ಅನ್ನೋದು ನಿಮ್ಮ ಕಣ್ಣಿಗೇ ಕಾಣುತ್ತೆ. ಟೆಸ್ಟ್ ಪೇಪರ್ ತಿದ್ದೋ ಕೆಲಸ ಸ್ವಲ್ಪ ಕಮ್ಮಿ.

ಎರಡು ಮಾತು ಮರೀಬೇಡಿ. ತಪ್ಪು ಮಾಡಿದವರನ್ನು 'ಔಟ್' ಮಾಡಬೇಡಿ. ಔಟ್ ಮಾಡಿದರೆ ಯಾವ ಮಗುವಿಗೆ ಈ ಆಟ ಎಲ್ಲರಿಗಿಂತ ಜಾಸ್ತಿ ಬೇಕೋ ಅದೇ ಮೊದಲು ಮೂಲೆ ಸೇರುತ್ತೆ. ತಪ್ಪಿದವರು ಪಕ್ಕದವರನ್ನು ನೋಡಿ ಸರಿ ಮಾಡಿಕೊಂಡು ಮುಂದುವರಿಯಲಿ. ಇನ್ನೊಂದು, ಊಟ ಆದ ಕೂಡಲೇ ಜಿಗಿಸಬೇಡಿ, ಹೊಟ್ಟೆ ನೋವು ಅಂತಾರೆ. ಮೊದಲ ಹದಿನೈದು ಇಪ್ಪತ್ತು ನಿಮಿಷ ಬರೆಯುವ ಕೆಲಸ ಕೊಟ್ಟು, ಇನ್ನೇನು ಕಣ್ಣು ಎಳೆಯುತ್ತೆ ಅನ್ನುವ ಹೊತ್ತಿಗೆ ಎಬ್ಬಿಸಿ. ಐದು ನಿಮಿಷ ಸಾಕು.

ಪ್ರಶ್ನೆ: ನಮ್ಮ ಕಾಲದಲ್ಲಿ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತು ಓದಿದೆವು. ಅಲುಗಾಡಿದರೆ ಮೇಷ್ಟ್ರು ಬೆತ್ತ ತೋರಿಸುತ್ತಿದ್ದರು. ಹಾಗೇ ಕೂತೇ ಇಂಜಿನಿಯರು ಡಾಕ್ಟರು ಆಗಲಿಲ್ಲವೇ? ಈಗಿನ ಮಕ್ಕಳಿಗೆ ಮಾತ್ರ ಯಾಕೆ ಈ ಕುಣಿತ?
— ನಿವೃತ್ತ ನೌಕರರು, ಶಿವಮೊಗ್ಗ

ಉತ್ತರ: ಹಿರಿಯರೇ, ಶಾಲೆಗೆ ಹೇಗೆ ಹೋಗುತ್ತಿದ್ದಿರಿ ಅಂತ ಬರೆದಿಲ್ಲ ನೀವು. ನಡೆದುಕೊಂಡೇ ಅಲ್ವಾ? ಬೆಳಗ್ಗೆ ಎದ್ದು ನೀರು ಸೇದಿ, ಕೊಟ್ಟಿಗೆ ಕೆಲಸ ಮುಗಿಸಿ, ಗದ್ದೆ ಬದುವಿನ ಮೇಲೆ ನಡೆದು ಹೋಗಿ ಕೂರುತ್ತಿದ್ದಿರಿ. ಸಂಜೆ ಬಂದು ಚೀಲ ಎಸೆದರೆ ಕತ್ತಲಾಗುವವರೆಗೆ ಲಗೋರಿ, ಚಿನ್ನಿದಾಂಡು. ಆ ಮೈಗೆ ಶಾಲೆಯ ನೆಲವೇ ವಿಶ್ರಾಂತಿ. ಈಗಿನ ಮಗು ಮನೆ ಬಾಗಿಲಲ್ಲಿ ವ್ಯಾನ್ ಹತ್ತುತ್ತೆ, ಬೆಂಚಿನಲ್ಲಿ ಕೂರುತ್ತೆ, ಮತ್ತೆ ವ್ಯಾನಲ್ಲಿ ಕೂರುತ್ತೆ, ಟ್ಯೂಷನ್ನಲ್ಲಿ ಕೂರುತ್ತೆ, ಮನೆಗೆ ಬಂದು ಮೊಬೈಲ್ ಹಿಡಿದು ಕೂರುತ್ತೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ, ಉಸಿರು ಸ್ವಲ್ಪ ಜೋರಾಗುವಷ್ಟು ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. 2016ರ ಅಂಕಿಅಂಶದ ಪ್ರಕಾರ, ಜಗತ್ತಿನಲ್ಲಿ 11ರಿಂದ 17 ವರ್ಷದ ಮಕ್ಕಳಲ್ಲಿ ಶೇ 81ರಷ್ಟು ಜನರಿಗೆ ಇಷ್ಟೂ ಸಿಗುತ್ತಿರಲಿಲ್ಲ.

ಇನ್ನು ಬೆತ್ತದ ಕೆಳಗೆ ಕಲಿತವರ ಲೆಕ್ಕ ನೀವು ಹೇಳಿದಿರಿ. ಬೆತ್ತಕ್ಕೆ ಹೆದರಿ ಶಾಲೆ ಬಿಟ್ಟವರ ಲೆಕ್ಕ ಯಾರೂ ಇಟ್ಟಿಲ್ಲ.

ಮತ್ತೊಂದು ವಿಷಯ, ಇದು ನಮಗೇನೂ ಪರದೇಶದ ಸರಕಲ್ಲ. ಸರ್ಕಾರಿ ಶಾಲೆಗಳಲ್ಲಿ ಆಡುತ್ತಾ ಕಲಿಸುವ ನಲಿ-ಕಲಿ ಪದ್ಧತಿ ಶುರುವಾದದ್ದು 1995ರಲ್ಲಿ, ನಮ್ಮ ಎಚ್.ಡಿ. ಕೋಟೆಯಲ್ಲೇ. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯನ್ನು ನೋಡಿಕೊಂಡು ಬಂದು, ಯುನಿಸೆಫ್ ನೆರವಿನಿಂದ ನಮ್ಮ ಸರ್ಕಾರಿ ಶಾಲೆ ಮೇಷ್ಟ್ರುಗಳೇ ಕಟ್ಟಿದ್ದು. ಅಲ್ಲಿ ಮಗು ತನ್ನ ಕಲಿಕೆ ಎಲ್ಲಿಗೆ ಬಂದಿದೆ ಅನ್ನೋ ಮೈಲಿಗಲ್ಲು ನೋಡಿಕೊಂಡು, ಎದ್ದು ಹೋಗಿ ಕಾರ್ಡು ತಗೊಂಡು, ತನ್ನ 'ತಟ್ಟೆ' (ಅಂದರೆ ಗುಂಪು) ಹುಡುಕಿ ಕೂತು, ಗೋಡೆಯ ಕೆಳಗಿನ ಬೋರ್ಡಿನಲ್ಲಿ ಬರೆದು, ಹಾಡಿ, ಮತ್ತೆ ಏಳುತ್ತೆ. ದಿನವಿಡೀ ಓಡಾಟವೇ. 1ರಿಂದ 3ನೇ ತರಗತಿವರೆಗೆ ಈ ಓಡಾಟ ಇರುತ್ತೆ, ನಾಲ್ಕಕ್ಕೆ ಬಂದ ತಕ್ಷಣ 'ಕೈ ಕಟ್ಟಿ ಕೂತ್ಕೋ'. ಒಂದು ಬೇಸಿಗೆ ರಜೆಯಲ್ಲಿ ಮಗುವಿನ ಮೈ ಅಷ್ಟು ಬದಲಾಗುತ್ತಾ? ನನಗಂತೂ ಇದು ಅರ್ಥ ಆಗಿಲ್ಲ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಹೋಂವರ್ಕ್ ಮಾಡದವರಿಗೆ ಕಿವಿ ಹಿಡಿಸಿ ಬಸ್ಕಿ ಹೊಡೆಸುತ್ತಾರೆ. ಪೇರೆಂಟ್ಸ್ ಮೀಟಿಂಗ್‌ನಲ್ಲಿ ಕೇಳಿದರೆ, 'ಇದು ಶಿಕ್ಷೆಯಲ್ಲ, ಸೂಪರ್ ಬ್ರೇನ್ ಯೋಗ, ಕಿವಿ ಹಿಡಿದರೆ ಮೆದುಳು ಚುರುಕಾಗುತ್ತೆ' ಅಂದರು. ಹೌದಾ?
— ತಾಯಿ, ದಾವಣಗೆರೆ

ಉತ್ತರ: ಅಷ್ಟು ಒಳ್ಳೆಯದಾದರೆ ಹೋಂವರ್ಕ್ ಮಾಡಿಕೊಂಡು ಬಂದವರಿಗೂ ಮಾಡಿಸಬೇಕಿತ್ತಲ್ಲ!

ಬಸ್ಕಿ ಒಳ್ಳೆಯ ವ್ಯಾಯಾಮವೇ, ತೊಡೆಗೆ, ಮಂಡಿಗೆ. ಗರಡಿ ಮನೆಯಲ್ಲಿ ಹೊಡೆಯುತ್ತಾರೆ, ಗಣಪತಿ ಮುಂದೆಯೂ ಹೊಡೆಯುತ್ತಾರೆ. ಆದರೆ ಕಿವಿಯ ಹಾಲೆ ಹಿಡಿದರೆ ಮೆದುಳಿನ ಎಡ-ಬಲ ಭಾಗ ಚುರುಕಾಗುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. 'ಬ್ರೇನ್ ಜಿಮ್' ಅಂತ ಸಾವಿರಾರು ರೂಪಾಯಿ ತಗೊಂಡು ವರ್ಕ್‌ಶಾಪ್ ಮಾಡುವವರ ಕಥೆಯೂ ಇದೇ. ಎದೆಯ ಮೇಲೆ ಇಂಥ ಜಾಗ ಒತ್ತಿದರೆ ಓದು ಬರುತ್ತೆ, ಅಡ್ಡಕೈ ಅಡ್ಡಕಾಲು ಮುಟ್ಟಿದರೆ ಗಣಿತ ಬರುತ್ತೆ ಅನ್ನುವುದೆಲ್ಲ ಸುಮ್ನೆ. ಮೈ ಅಲುಗಾಡಿದ್ದರಿಂದ ಒಂದಿಷ್ಟು ಲವಲವಿಕೆ ಬರುತ್ತೆ, ಅದು ಕುಂಟೆಬಿಲ್ಲೆ ಆಡಿದರೂ ಬರುತ್ತೆ, ಪುಕ್ಕಟೆಯಾಗಿ.

ಶಿಕ್ಷೆಯ ವಿಷಯ ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕ್ಲಾಸಿನ ಮುಂದೆ ನಿಲ್ಲಿಸಿ ಬಸ್ಕಿ ಹೊಡೆಸಿದರೆ ಎರಡೂ ಒಟ್ಟಿಗೇ ಆಯಿತು. ಯೋಗ ಅಂತ ಹೆಸರಿಟ್ಟರೆ ಬದಲಾಗಲ್ಲ. ಮೊದಲು ಮುಖ್ಯ ಶಿಕ್ಷಕರಿಗೆ ಬರೆದು ಕೊಡಿ. ಆಮೇಲೂ ನಿಲ್ಲದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ. ಬಾಯಿಮಾತಿನ ದೂರಿಗೆ ಉತ್ತರವೂ ಬಾಯಿಮಾತಲ್ಲೇ ಬರುತ್ತೆ, ಹಾಗಾಗಿ ಬರೆದೇ ಕೊಡಿ.

ನನಗೆ ಇದಕ್ಕಿಂತ ಜಾಸ್ತಿ ಸಿಟ್ಟು ಬರುವುದು ಇದರ ಉಲ್ಟಾ ಶಿಕ್ಷೆಗೆ: 'ಗಲಾಟೆ ಮಾಡಿದ್ದೀರಿ, ಇವತ್ತು ಪಿ.ಟಿ. ಇಲ್ಲ'. ಮೈ ಚಡಪಡಿಸಿದ್ದಕ್ಕೇ ಗಲಾಟೆ ಆದದ್ದು. ಅದಕ್ಕಿದ್ದ ಮದ್ದನ್ನೇ ಕಿತ್ತುಕೊಂಡರೆ ನಾಳೆ ಇನ್ನೂ ಜೋರು ಗಲಾಟೆ. ಇದನ್ನು ದೂರು ಅಂತ ಯಾರೂ ಬರೆಯೋದೂ ಇಲ್ಲ.

ಪ್ರಶ್ನೆ: ಮಗ 2ನೇ ಕ್ಲಾಸು. ಐದು ನಿಮಿಷ ಕೂರಲ್ಲ, ಪೆನ್ಸಿಲ್ ಉರುಳಿಸ್ತಾನೆ, ಎದ್ದು ಓಡಾಡ್ತಾನೆ. 'ಹೈಪರ್' ಇರಬೇಕು, ಡಾಕ್ಟರಿಗೆ ತೋರಿಸಿ ಅಂದಿದ್ದಾರೆ ಮಿಸ್. ನಮ್ಮತ್ತೆ 'ಗಂಡು ಮಕ್ಕಳು ಹಂಗೇ' ಅಂತಾರೆ. ಯಾರ ಮಾತು ಕೇಳಲಿ?
— ತಾಯಿ, ಮೈಸೂರು

ಉತ್ತರ: ಸದ್ಯಕ್ಕೆ ಇಬ್ಬರದೂ ಅರ್ಧರ್ಧ. ಏಳು ವರ್ಷದ ಮಗು ಕೂತಲ್ಲೇ ಕೂರದಿರೋದು ಕಾಯಿಲೆಯಲ್ಲ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಡಪಡಿಕೆಯ ಸಮಸ್ಯೆ) ಅಂತ ಹೇಳಬೇಕಾದರೆ ಡಾಕ್ಟರು ನೋಡುವುದೇ ಬೇರೆ: ಈ ಲಕ್ಷಣಗಳು ಕನಿಷ್ಠ ಆರು ತಿಂಗಳಿಂದ ಇವೆಯಾ, ಶಾಲೆಯಲ್ಲಿ ಮಾತ್ರವೋ ಮನೆಯಲ್ಲೂ ಹೀಗೆಯೋ, ಓದಿಗೆ ಸ್ನೇಹಿತರ ಜೊತೆಗಿನ ಆಟಕ್ಕೆ ತೊಂದರೆ ಕೊಡುತ್ತಿವೆಯಾ. ಇಷ್ಟದ ಕಥೆ ಕೇಳುವಾಗ, ಊಟ ಮಾಡುವಾಗ, ಆಟದಲ್ಲಿ ತನ್ನ ಸರದಿ ಕಾಯುವಾಗ ಹೇಗಿರುತ್ತಾನೆ ಅಂತ ಒಂದೆರಡು ವಾರ ಗಮನಿಸಿ ಬರೆದಿಡಿ. ಎಲ್ಲ ಕಡೆಯೂ ಹೀಗೆಯೇ ಇದ್ದರೆ ತೋರಿಸಲೇಬೇಕು, ಅತ್ತೆಯವರ ಮಾತಿಗೆ ನಿಲ್ಲಬೇಡಿ. ಮೊದಲು ನಿಮ್ಮ ಮಕ್ಕಳ ಡಾಕ್ಟರು ಸಾಕು, ಬೇಕಾದರೆ ಅವರೇ ಬೆಂಗಳೂರಿನ ನಿಮ್ಹಾನ್ಸ್‌ಗೋ ಬೇರೆ ಕಡೆಗೋ ಬರೆದು ಕೊಡುತ್ತಾರೆ.

ಎರಡರಲ್ಲಿ ಯಾವುದೇ ಆಗಿರಲಿ, ಮಿಸ್‌ಗೆ ಒಂದು ಮಾತು ಹೇಳಿ ನೋಡಿ. ಇಂಥ ಮಗುವಿಗೆ ಕೆಲಸ ಕೊಡಬೇಕು. ಪುಸ್ತಕ ಹಂಚೋದು, ಬೋರ್ಡ್ ಒರೆಸೋದು, ಆಫೀಸಿಗೆ ಹಾಜರಿ ಪುಸ್ತಕ ತಗೊಂಡು ಹೋಗೋದು. ಗೋಡೆ ಪಕ್ಕದಲ್ಲಿ ನಿಂತುಕೊಂಡು ಬರೆಯುತ್ತೀನಿ ಅಂದರೆ ಬರೆಯಲಿ ಬಿಡಿ. ಹಿಂದೆ ಯಾರಿಗೂ ಅಡ್ಡ ಆಗದಿದ್ದರೆ ಸಾಕು.

ಪ್ರಶ್ನೆ: ನಮಸ್ಕಾರ್ರೀ ಮೇಡಮ್. ನಾ ಹೈಸ್ಕೂಲ್ ಟೀಚರ್. 9ನೇ ಕ್ಲಾಸಿನ ಹುಡುಗಿಯರು ಏನ್ ಮಾಡ್ಸಿದ್ರೂ ಏಳಂಗಿಲ್ರೀ. ಹುಡುಗರು ಕುಣಿತಾರ, ಇವರು ಮುಸಿಮುಸಿ ನಕ್ಕೋಂತ ಕುಂದರ್ತಾರ.
— ಶಿಕ್ಷಕಿ, ಕಲಬುರಗಿ

ಉತ್ತರ: ಏಳೋದಾದರೂ ಹೇಗೆ ಹೇಳಿ ಟೀಚರ್? ಆ ವಯಸ್ಸಿನಲ್ಲಿ ಜಿಗಿ ಅಂದರೆ, ಹಿಂದೆ ಹುಡುಗರು ಕೂತಿರುವಾಗ, ಯಾರೂ ಜಿಗಿಯಲ್ಲ. ವೇಲ್ ಜಾರುತ್ತೆ, ಮುಟ್ಟಾಗಿರುವ ದಿನ ಕಲೆಯ ಹೆದರಿಕೆ, ಯಾರೋ ಏನೋ ಅಂದಾರು ಅನ್ನೋ ಅಳುಕು. ಇದನ್ನು ಸೋಮಾರಿತನ ಅಂತ ಬರೆದುಬಿಡುತ್ತಾರೆ.

ಜಿಗಿತ ಬಿಡಿ, ನಡಿಗೆ ತಗೊಳ್ಳಿ. ಇತಿಹಾಸದ ಘಟನೆಗಳನ್ನು ಒಂದೊಂದು ಚೀಟಿಯಲ್ಲಿ ಬರೆದು ಹಂಚಿ, ಇಸವಿ ಪ್ರಕಾರ ಗೋಡೆಯುದ್ದಕ್ಕೂ ಸಾಲಾಗಿ ನಿಲ್ಲಿ ಅನ್ನಿ. 1857 ಹಿಡಿದವಳು 1885 ಹಿಡಿದವಳನ್ನು ಹುಡುಕಿಕೊಂಡು ಹೋಗಲೇಬೇಕು. ಕುಣಿತ ಅಂತ ಯಾರಿಗೂ ಅನ್ನಿಸಲ್ಲ, ಓಡಾಟ ಮಾತ್ರ ಆಗಿರುತ್ತೆ. ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ನ ಒಂದು ಪ್ರಾಥಮಿಕ ಶಾಲೆಯಲ್ಲಿ 2012ರಲ್ಲಿ ಶುರುವಾದ 'ಡೈಲಿ ಮೈಲ್' ಅನ್ನೋದು ಜಗತ್ತೆಲ್ಲ ಹಬ್ಬಿದ್ದು ಯಾಕೆ ಗೊತ್ತಾ? ಹಾಕಿದ ಬಟ್ಟೆಯಲ್ಲೇ, ಹಾಕಿದ ಶೂನಲ್ಲೇ, ಹದಿನೈದು ನಿಮಿಷ ಹೊರಗೆ ನಡೆದೋ ಓಡಿಯೋ ಬರೋದು. ಸ್ಪರ್ಧೆ ಇಲ್ಲ, ಗೆಲುವು ಇಲ್ಲ, ಗೆಳತಿ ಜೊತೆ ಮಾತಾಡುತ್ತಾ ಹೋಗಬಹುದು. ನಿಮ್ಮೂರಿನ ಬಿಸಿಲಿಗೆ ಬೆಳಗ್ಗೆ ಪ್ರಾರ್ಥನೆ ಆದ ಕೂಡಲೇ ಮುಗಿಸಬೇಕು, ಅಷ್ಟೇ.

ಇನ್ನೊಂದು ಕಣ್ಣು ಅವರ ಮುಖದ ಮೇಲೂ ಇರಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಜನರಿಗೆ ರಕ್ತಹೀನತೆ ಕಂಡಿತ್ತು. ಎರಡು ಮಹಡಿ ಹತ್ತಿದರೆ ಏದುಸಿರು ಬಿಡುವ ಹುಡುಗಿಗೆ ಮೊದಲು ಬೇಕಾದ್ದು ಚಟುವಟಿಕೆಯಲ್ಲ, ಕಬ್ಬಿಣಾಂಶ. ವಾರಕ್ಕೊಂದು ಕೊಡುವ ನೀಲಿ ಮಾತ್ರೆಯನ್ನು ನುಂಗುತ್ತಿದ್ದಾರಾ, ಕಿಟಕಿಯಿಂದ ಎಸೆಯುತ್ತಿದ್ದಾರಾ, ನೋಡಿ. ಮಧ್ಯಾಹ್ನ ಊಟ ಆದ ಮೇಲೆ ನಿಮ್ಮೆದುರೇ ನುಂಗಿಸಿದರೆ ಹೊಟ್ಟೆ ತೊಳಸುವುದೂ ಕಮ್ಮಿ.

ಪ್ರಶ್ನೆ: ಕ್ಲಾಸಿನಲ್ಲಿ ಈ ಥರ ಚಟುವಟಿಕೆ ಮಾಡಿಸಿದರೆ ಕನ್ನಡಕ ಬರೋದು ತಪ್ಪುತ್ತಾ? ನಮ್ಮ ಮನೆಯಲ್ಲಿ ಎರಡೂ ಮಕ್ಕಳಿಗೆ ಬಂದಿದೆ.
— ಮಂಗಳೂರು

ಉತ್ತರ: ಇಲ್ಲ. ಕಣ್ಣಿಗೆ ಬೇಕಾದ್ದು ಹೊರಗಿನ ಬೆಳಕು. ಚೀನಾದ ಗುವಾಂಗ್‌ಝೌನಲ್ಲಿ 1ನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟು ಮೂರು ವರ್ಷ ನೋಡಿದರು. ಹೊರಗಿದ್ದವರಲ್ಲಿ ಶೇ 30ರಷ್ಟು ಮಕ್ಕಳಿಗೆ ಸಮೀಪದೃಷ್ಟಿ ಬಂತು, ಉಳಿದವರಲ್ಲಿ ಶೇ 39ಕ್ಕೂ ಹೆಚ್ಚು. ಟ್ಯೂಬ್‌ಲೈಟ್ ಕೆಳಗೆ ಎಷ್ಟು ಜಿಗಿದರೂ ಈ ಲಾಭ ಸಿಗಲ್ಲ. ಈಗಾಗಲೇ ಬಂದ ಕನ್ನಡಕವಂತೂ ಹೋಗಲ್ಲ, ವರ್ಷಕ್ಕೊಮ್ಮೆ ನಂಬರ್ ಚೆಕ್ ಮಾಡಿಸಿ.

ಪ್ರಶ್ನೆ: ನಾನು ಎಸ್ಸೆಸ್ಸೆಲ್ಸಿ. ನಮಗೆ ವಾರಕ್ಕೆ ಎರಡು ಪಿ.ಟಿ. ಪೀರಿಯಡ್ ಇದೆ ಅಂತ ಟೈಮ್ ಟೇಬಲ್‌ನಲ್ಲಿ ಮಾತ್ರ ಇದೆ. ಒಂದನ್ನು ಗಣಿತದ ಸರ್ ತಗೊಳ್ತಾರೆ, ಇನ್ನೊಂದನ್ನು ಸೈನ್ಸ್ ಮಿಸ್. ಕೇಳಿದ್ರೆ 'ರಿಸಲ್ಟ್ ಬೇಡ್ವಾ' ಅಂತಾರೆ. ನೀವು ಬರೆದರೆ ಓದ್ತಾರೆ ಮೇಡಂ, ಪ್ಲೀಸ್ ಬರೀರಿ.
— ವಿದ್ಯಾರ್ಥಿ, ಹಾಸನ

ಉತ್ತರ: ಬರೆದಿದ್ದೇನೆ ಪುಟ್ಟ. ಓದುತ್ತಾರೋ ಇಲ್ಲವೋ ನೋಡೋಣ.

ನಿಮ್ಮ ಗಣಿತದ ಸರ್‌ಗೆ ಇದನ್ನು ತೋರಿಸು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, 2009ರಲ್ಲಿ ಪ್ರಕಟವಾದದ್ದು, ಒಂಬತ್ತು ಹತ್ತು ವರ್ಷದ 20 ಮಕ್ಕಳಿಗೆ ಎರಡು ದಿನ ಪರೀಕ್ಷೆ ಕೊಟ್ಟರು. ಒಂದು ದಿನ ಸುಮ್ಮನೆ ಕೂರಿಸಿ ಆಮೇಲೆ, ಇನ್ನೊಂದು ದಿನ 20 ನಿಮಿಷ ಟ್ರೆಡ್‌ಮಿಲ್ ಮೇಲೆ ನಡೆಸಿ ಆಮೇಲೆ. ನಡೆದ ದಿನ ಓದಿ ಅರ್ಥ ಮಾಡಿಕೊಳ್ಳುವುದರಲ್ಲಿ ಅದೇ ಮಕ್ಕಳು ಹೆಚ್ಚು ಸರಿ ಉತ್ತರ ಕೊಟ್ಟರು, ಗಮನವೂ ಚೆನ್ನಾಗಿತ್ತು. ಸಣ್ಣ ಪ್ರಯೋಗವೇ, ನಿನಗಿಂತ ಚಿಕ್ಕ ಮಕ್ಕಳ ಮೇಲೆ ಮಾಡಿದ್ದೇ, ಅದನ್ನೂ ಸರ್‌ಗೆ ಹೇಳು, ಇಲ್ಲಾಂದ್ರೆ ಅವರೇ ಹೇಳ್ತಾರೆ.

ಪಿ.ಟಿ. ಸಿಗುವವರೆಗೆ ಕೆನಡಾದವರ ಒಂದು ಉಪಾಯ ಇದೆ. ಬ್ರಿಟಿಷ್ ಕೊಲಂಬಿಯಾದ ಶಾಲೆಗಳಲ್ಲಿ ಬೆಲ್ ಹೊಡೆದಾಗ ಎದ್ದು ಹತ್ತು ಸಲ ಜಿಗಿಯೋದು, ದಿನಕ್ಕೆ ಮೂರು ಸಲ. ಎಲ್ಲ ಸೇರಿ ಮೂರು ನಿಮಿಷದ ಕೆಲಸ. ಎಂಟು ತಿಂಗಳು ಹೀಗೆ ಮಾಡಿದ ಮಕ್ಕಳ ಸೊಂಟದ ಮೂಳೆ ಮಾಡದವರಿಗಿಂತ ಗಟ್ಟಿಯಾಗಿತ್ತು. ಬೆಳೆಯುವ ವಯಸ್ಸಿನಲ್ಲಿ ಕೂಡಿಟ್ಟ ಮೂಳೆಯೇ ಮುಂದಕ್ಕೆ ಬಂಡವಾಳ. ಪೀರಿಯಡ್ ಬದಲಾಗುವಾಗ ಒಬ್ಬ ಸರ್ ಹೋಗಿ ಇನ್ನೊಬ್ಬರು ಬರೋ ಹೊತ್ತಿಗೆ ನಿಮಗೆ ಹೇಗೂ ಒಂದು ನಿಮಿಷ ಸಿಗುತ್ತೆ, ಅದಕ್ಕೆ ಯಾರ ಪರ್ಮಿಷನ್ನೂ ಬೇಡ. ಆದರೆ ಇದನ್ನೇ ತೋರಿಸಿ 'ಜಿಗಿತಿದ್ದೀರಲ್ಲ, ಪಿ.ಟಿ. ಯಾಕೆ' ಅಂತ ಯಾರಾದರೂ ಅಂದರೆ ಒಪ್ಪಬೇಡ. ಮೂರು ನಿಮಿಷದಿಂದ ಕಬಡ್ಡಿ, ಖೋ-ಖೋ ಆಡಿದಷ್ಟು ದಮ್ಮು ಬರಲ್ಲ. ಕ್ಲಾಸಿನೊಳಗಿನದು ಬೇರೆ, ಮೈದಾನದ್ದು ಬೇರೆ, ಎರಡೂ ಬೇಕು.

ಪ್ರಶ್ನೆ: ನಮ್ಮದು ಮೇಲಿನ ಮಹಡಿ ಕ್ಲಾಸು. ನಾನು 4ನೇ ತರಗತಿ ಮಕ್ಕಳನ್ನು ಎಬ್ಬಿಸಿದರೆ ಕೆಳಗಿನ ಕ್ಲಾಸಿನ ಸರ್ 'ತಲೆ ಮೇಲೆ ರಾಗಿ ಬೀಸಿದ ಹಂಗಾಗುತ್ತೆ' ಅಂತ ಹೆಡ್ ಮಾಸ್ಟರಿಗೆ ದೂರು ಕೊಟ್ಟಿದ್ದಾರೆ. ಏನು ಮಾಡಲಿ?
— ಶಿಕ್ಷಕ, ಚಿತ್ರದುರ್ಗ

ಉತ್ತರ: ಅವರ ಕಷ್ಟವೂ ನಿಜವೇ. ಸದ್ದಾಗೋದು ಪಾದ ನೆಲಕ್ಕೆ ಬಡಿದಾಗ, ಬೆಂಚು ಎಳೆದಾಗ. ಎರಡೂ ಇಲ್ಲದ ಆಟ ತಗೊಳ್ಳಿ.

ನಾಲ್ಕು ಗೋಡೆಗೆ ದಿಕ್ಕಿನ ಹೆಸರು ಬರೆದು ಅಂಟಿಸಿ, ನಿಜವಾದ ದಿಕ್ಕೇ ಆಗಿರಲಿ. ಮಕ್ಕಳು ನಿಂತಲ್ಲೇ ಇರಲಿ. ನೀವು ನದಿಯ ಹೆಸರು ಹೇಳಿ, ಅದು ಯಾವ ಕಡೆ ಹರಿಯುತ್ತೋ ಆ ಗೋಡೆಗೆ ಮುಖ ಮಾಡಿ ಎರಡೂ ಕೈ ಚಾಚಬೇಕು. ಶರಾವತಿ ಪಶ್ಚಿಮ, ಕಾವೇರಿ ಪೂರ್ವ, ಕೃಷ್ಣಾ ಪೂರ್ವ, ನೇತ್ರಾವತಿ ಪಶ್ಚಿಮ, ಕಾಳಿ ಪಶ್ಚಿಮ. ಆಮೇಲೆ ಜಿಲ್ಲೆ: ಬೀದರ್ ಅಂದರೆ ಉತ್ತರಕ್ಕೆ ತಿರುಗಿ ತುದಿಗಾಲಲ್ಲಿ, ಚಾಮರಾಜನಗರ ಅಂದರೆ ದಕ್ಷಿಣಕ್ಕೆ ತಿರುಗಿ ಮಂಡಿ ಬಗ್ಗಿಸಿ. ಚಿತ್ರದುರ್ಗ ಅಂದಾಗ ನಿಮ್ಮ ಮಕ್ಕಳು ಏನು ಮಾಡುತ್ತಾರೆ ಅಂತ ನನಗೂ ಬರೆದು ತಿಳಿಸಿ. ಗಾಲಿ ಕುರ್ಚಿಯಲ್ಲಿರುವ ಮಗು, ಕಾಲು ನೋವಿರುವ ಮಗು ಇದ್ದರೆ ಕೈ ಮಾತ್ರ ತೋರಿಸಿದರೂ ಆಟದಲ್ಲೇ ಇರುತ್ತೆ. ಉಬ್ಬಸ ಇರುವ ಮಗುವಿಗೂ ಇದು ಭಾರವಲ್ಲ, ಆದರೂ ಅದರ ಇನ್‌ಹೇಲರ್ ಚೀಲದಲ್ಲಿದೆಯಾ ಅಂತ ಒಮ್ಮೆ ಕೇಳಿಕೊಂಡಿರಿ.

ಇಷ್ಟಾದ ಮೇಲೂ ನಿಮಗೆ ಜಿಗಿಸಲೇಬೇಕು ಅನ್ನಿಸಿದರೆ, ಕೆಳಗಿನ ಸರ್ ಕ್ಲಾಸು ಹೊರಗೆ ಆಟಕ್ಕೆ ಹೋಗುವ ಪೀರಿಯಡ್ ಯಾವುದು ಅಂತ ಟೈಮ್ ಟೇಬಲ್‌ನಲ್ಲಿ ನೋಡಿ. ಅದನ್ನು ಗಣಿತದವರು ತಗೊಂಡಿರದಿದ್ದರೆ.